ಆಫೀಸಿನ ಉಡುಪು: ಪ್ಯಾಂಟಿನಿಂದ ಶುರುಮಾಡಿ

ಆಫೀಸಿಗೆಂದು ಬಟ್ಟೆ ಹೊಂದಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಅಂಗಿ ಕೊಳ್ಳುತ್ತಾರೆ. ಬಣ್ಣ ಹಿಡಿಸಿತು, ಕಾಲರು ಚೆನ್ನಾಗಿದೆ, ತಗೊಂಡಾಯಿತು. ಆಮೇಲೆ ಆ ಅಂಗಿಗೆ ಒಪ್ಪುವ ಪ್ಯಾಂಟಿನ ಹುಡುಕಾಟ. ಶೂ ಸರದಿ ಬರುವ ಹೊತ್ತಿಗೆ ಕೈಯಲ್ಲಿ ಉಳಿದಿರುವುದು ಚಿಲ್ಲರೆ ಮಾತ್ರ. ಮೊದಲ ಕೆಲಸಕ್ಕೆ ಬೆಂಗಳೂರಿಗೆ ಹೊರಟಾಗ ನಾನೂ ಮಾಡಿದ್ದು ಇದನ್ನೇ. ಪೆಟ್ಟಿಗೆಯಲ್ಲಿ ಆರು ಹೊಸ ಅಂಗಿಗಳಿದ್ದವು, ಪ್ಯಾಂಟು ಎರಡೇ, ಎರಡೂ ಸೊಂಟದಿಂದ ಕೆಳಗೆ ಜಾರುವಂಥವು. ದಿನಕ್ಕೆ ಹತ್ತು ಸಲ ಅಂಗಿ ಒಳಗೆ ತುರುಕಿಕೊಳ್ಳಬೇಕಾಗುತ್ತಿತ್ತು.

ಹಬ್ಬಕ್ಕೆ ದಾವಣಗೆರೆಗೆ ಹೋದಾಗ ಚೌಕಿಪೇಟೆಯ ಹತ್ತಿರ ನಮ್ಮ ತಂದೆಗೆ ಹೊಲಿದುಕೊಡುತ್ತಿದ್ದ ಹಿರಿಯ ಟೈಲರ್ ಒಬ್ಬರ ಮುಂದೆ ಇದನ್ನು ಹೇಳಿಕೊಂಡೆ. ಅವರು ನನ್ನ ಅಂಗಿಯನ್ನು ನೋಡಲೇ ಇಲ್ಲ. ಪ್ಯಾಂಟಿನ ಪಟ್ಟಿ ಹಿಡಿದು ಮೇಲಕ್ಕೆತ್ತಿ, "ತಮ್ಮಾ, ಇದು ಇಲ್ಲಿ ಕೂರ್ಲಿಲ್ಲ ಅಂದ್ರೆ ಯಾವ ಅಂಗಿನೂ ಒಳಗೆ ನಿಲ್ಲಲ್ಲ" ಅಂದರು. ಅಂದಿನಿಂದ ಯಾರು ಕೇಳಿದರೂ ನಾನು ಹೇಳುವುದು ಅದೇ ಮಾತು. ಪ್ಯಾಂಟು ಮೊದಲು, ಶೂ ಆಮೇಲೆ, ಅಂಗಿ ಅದರ ನಂತರ, ಕೋಟು ಬೇಕಿದ್ದರೆ ಕಡೆಗೆ. ಈ ಲೇಖನವೂ ಅದೇ ಸಾಲಿನಲ್ಲಿ ಸಾಗುತ್ತದೆ. ಶೂ ವಿಷಯ ಮಾತ್ರ ಅಂಗಿಯ ನಂತರ ಬರೆದಿದ್ದೇನೆ, ಕೊಳ್ಳುವಾಗ ಹಿಂದೆ ಹಾಕಬೇಡಿ, ಪ್ಯಾಂಟಿನ ಅಳತೆ ಕೊಡುವ ಹೊತ್ತಿಗೆ ಅದು ಕೈಯಲ್ಲಿರಬೇಕು.

ಅಂಗಡಿಗೆ ಹೋಗುವ ಮುಂಚೆ

ಬೀರುವಿನಲ್ಲಿರುವ ಬಟ್ಟೆಯನ್ನೆಲ್ಲ ಮಂಚದ ಮೇಲೆ ಹರಡಿ. ಅದರಲ್ಲಿ ನಿಮಗೆ ತುಂಬ ಹಿತವಾಗಿ ಕೂರುವ ಒಂದು ಅಂಗಿ, ಒಂದು ಪ್ಯಾಂಟು ಆರಿಸಿ ಪಕ್ಕಕ್ಕಿಡಿ. ಬಣ್ಣ ಮಾಸಿದ್ದರೂ ಚಿಂತೆಯಿಲ್ಲ. ಇವೇ ನಿಮ್ಮ ಅಳತೆ ಬಟ್ಟೆ. ಟೈಲರ್ ಹತ್ತಿರ ಹೋದರೂ ರೆಡಿಮೇಡ್ ಕೊಂಡರೂ ಇವುಗಳ ಅಳತೆ ಫೋನಿನಲ್ಲಿ ಬರೆದುಕೊಂಡಿರಬೇಕು: ಭುಜದ ಅಗಲ, ಎದೆ, ತೋಳಿನ ಉದ್ದ, ಪ್ಯಾಂಟಿನ ಸೊಂಟ, ತೊಡೆ, ಬಾಟಂ (ಕಾಲಿನ ಕೆಳತುದಿ), ಉದ್ದ. ರೆಡಿಮೇಡ್ ಅಂಗಿಯ ಮೇಲಿನ 40, 42 ಎಂಬ ನಂಬರು ಒಂದು ಕಂಪನಿಯಿಂದ ಇನ್ನೊಂದಕ್ಕೆ ಬದಲಾಗುತ್ತದೆ. ಟೇಪು ಬದಲಾಗುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಈಗಲೇ ಹಾಕಿಕೊಳ್ಳಿ. ಕೈಯಲ್ಲಿ ನೂರು ರೂಪಾಯಿ ಇದೆ ಎಂದುಕೊಂಡರೆ ನಾನು ನಲವತ್ತನ್ನು ಶೂಗೆ, ಮೂವತ್ತೈದನ್ನು ಪ್ಯಾಂಟಿಗೆ, ಉಳಿದದ್ದನ್ನು ಅಂಗಿಗೆ ಇಡುತ್ತೇನೆ. ಅಂಗಿ ಎಷ್ಟೇ ಬೆಲೆಯದಾದರೂ ವರ್ಷ, ಎರಡು ವರ್ಷದಲ್ಲಿ ಕಾಲರು ಸವೆದುಹೋಗುತ್ತದೆ. ಚೆನ್ನಾಗಿ ನೋಡಿಕೊಂಡ ಶೂ ಅದರ ಮೂರು ಪಟ್ಟು ಬಾಳುತ್ತದೆ.

ಪ್ಯಾಂಟು

ಇಲ್ಲಿ ಸ್ವಲ್ಪ ನಿಧಾನಿಸೋಣ, ಹೆಚ್ಚು ತಪ್ಪಾಗುವುದು ಇಲ್ಲೇ.

ಪಟ್ಟಿ ಎಲ್ಲಿ ಕೂರಬೇಕು? ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ. ಇಂದಿನ ರೆಡಿಮೇಡ್ ಪ್ಯಾಂಟುಗಳಲ್ಲಿ ಬಹಳಷ್ಟು ಸೊಂಟದ ಮೂಳೆಗಿಂತ ಕೆಳಗೆ, ಜೀನ್ಸ್ ಕೂರುವ ಜಾಗದಲ್ಲಿ ಕೂರುತ್ತವೆ. ಹಾಗೆ ಕೂತಾಗ ಹೊಟ್ಟೆ ಪಟ್ಟಿಯ ಮೇಲೆ ಬಂದು ನಿಲ್ಲುತ್ತದೆ, ಕುಳಿತೆದ್ದಾಗೆಲ್ಲ ಅಂಗಿ ಹೊರಬರುತ್ತದೆ, ಕಾಲು ಗಿಡ್ಡವಾಗಿ ಕಾಣುತ್ತದೆ. ಸ್ವಲ್ಪ ಹೊಟ್ಟೆ ಇರುವವರು ಪ್ಯಾಂಟನ್ನು ಕೆಳಗಿಳಿಸುತ್ತಾರೆ, ಅದರಿಂದ ಹೊಟ್ಟೆ ಇನ್ನಷ್ಟು ಎದ್ದು ಕಾಣುತ್ತದೆ. ಮೇಲಕ್ಕೇರಿಸಿ ನೋಡಿ. ಟೈಲರ್ ಹತ್ತಿರ "ಪ್ಯಾಂಟು ಎತ್ತರಕ್ಕೆ ಕೂರಲಿ, ಇಲ್ಲಿಗೆ" ಎಂದು ಬೆರಳಿಟ್ಟು ತೋರಿಸಿ. ಬಾಯಲ್ಲಿ ಹೇಳಿದರೆ ಸಾಲದು, ಅವರು ರೂಢಿಯ ಜಾಗಕ್ಕೇ ಟೇಪು ಹಿಡಿಯುತ್ತಾರೆ.

ಮುಂಭಾಗದಲ್ಲಿ ಒಂದೊಂದು ಕಡೆ ಒಂದು ನೆರಿಗೆ ಇಡಿಸಿಕೊಳ್ಳಿ. ನೆರಿಗೆ ಹಳೆಯ ಕಾಲದ್ದು ಎಂಬ ಅಭಿಪ್ರಾಯ ಇದೆ, ನಾನು ಒಪ್ಪುವುದಿಲ್ಲ. ಕುಳಿತಾಗ ಸೊಂಟ, ತೊಡೆ ಅಗಲವಾಗುತ್ತವೆ. ಆ ಅಗಲಕ್ಕೆ ಬೇಕಾದ ಬಟ್ಟೆ ನೆರಿಗೆಯಿಂದ ಬಿಚ್ಚಿಕೊಳ್ಳುತ್ತದೆ, ನಿಂತಾಗ ಮತ್ತೆ ಮಡಚಿಕೊಳ್ಳುತ್ತದೆ. ದಿನಕ್ಕೆ ಎಂಟು ಗಂಟೆ ಕುರ್ಚಿಯಲ್ಲಿ ಕೂರುವವರಿಗೆ ಇದಕ್ಕಿಂತ ಉಪಕಾರಿಯಾದ ಹೊಲಿಗೆ ಇನ್ನೊಂದಿಲ್ಲ. ತೆಳ್ಳಗಿನವರು ನೆರಿಗೆಯಿಲ್ಲದೆ ಹೊಲಿಸಿದರೂ ನಡೆಯುತ್ತದೆ, ಆದರೆ ತೊಡೆ ಬಿಗಿಯಾಗಬಾರದು.

ಟ್ರಯಲ್ ಹಾಕಿದಾಗ ಕನ್ನಡಿಯಲ್ಲಿ ಮೂರು ಕಡೆ ನೋಡಿ. ಪಕ್ಕದ ಜೇಬು ಮೀನಿನ ಬಾಯಿಯಂತೆ ತೆರೆದುಕೊಂಡಿದ್ದರೆ ಸೀಟು, ಅಂದರೆ ಪ್ಯಾಂಟಿನ ಹಿಂಭಾಗ, ಬಿಗಿ. ಕಾಲು ಸೇರುವ ಜಾಗದಿಂದ ಎರಡೂ ಕಡೆ ಬೆಕ್ಕಿನ ಮೀಸೆಯಂತೆ ಗೆರೆ ಎದ್ದಿದ್ದರೆ ತೊಡೆ ಬಿಗಿ. ಹಿಂದೆ ಸೀಟಿನ ಕೆಳಗೆ ಬಟ್ಟೆ ಜೋತು ಬಿದ್ದಿದ್ದರೆ ಅಲ್ಲಿ ಹೆಚ್ಚಾಗಿದೆ, ತೆಗೆಯಬಹುದು. ಆಮೇಲೆ ಕುರ್ಚಿಯಲ್ಲಿ ಕುಳಿತು ನೋಡಿ. ಶೂ ಲೇಸು ಕಟ್ಟುವಂತೆ ಬಗ್ಗಿ. ಸ್ಕೂಟರಿನಲ್ಲಿ ಓಡಾಡುವವರು ಹಾಗೆ ಕಾಲು ಎತ್ತಿಯೂ ನೋಡಬೇಕು.

ಉದ್ದ: ಶೂ ಮೇಲೆ ಬಟ್ಟೆ ಒಂದೇ ಒಂದು ಸಣ್ಣ ಮಡಿಕೆ ಹಾಕಿ ನಿಲ್ಲಬೇಕು. ಎರಡು ಮೂರು ಮಡಿಕೆ ಬಿದ್ದು ಗುಪ್ಪೆಯಾಗುವುದು ನಮ್ಮಲ್ಲಿ ಬಹಳ ಸಾಮಾನ್ಯ, ಕಾರಣ ಏನೆಂದರೆ ಅಳತೆ ಕೊಡುವಾಗ ಕಾಲಲ್ಲಿ ಚಪ್ಪಲಿ ಇರುತ್ತದೆ, ಇಲ್ಲವೇ ಬರಿಗಾಲು. ಆಫೀಸಿನ ಶೂ ಹಾಕಿಕೊಂಡೇ ಅಳತೆಗೆ ಹೋಗಿ. ಶೂ ಕೊಳ್ಳುವುದನ್ನು ಹಿಂದೆ ಹಾಕಬೇಡಿ ಎಂದದ್ದು ಇದಕ್ಕೇ. 32ರಿಂದ 34ರ ಸೊಂಟದವರಿಗೆ ಬಾಟಂ ಸುತ್ತಳತೆ 15 ಇಂಚಿನ ಆಸುಪಾಸು ಇದ್ದರೆ ಶೂ ಅರ್ಧ ಮುಚ್ಚಿ ಕಾಲು ನೇರವಾಗಿ ಇಳಿದಂತೆ ಕಾಣುತ್ತದೆ. 12, 13 ಇಂಚಿಗೆ ಇಳಿಸಿದರೆ ಪಾದ ದೊಡ್ಡದಾಗಿ ಕಾಣುತ್ತದೆ.

ಟೈಲರಿಗೆ ಹೇಳಲೇಬೇಕಾದ ಇನ್ನೊಂದು ಮಾತು: ಹಿಂದಿನ ನಡುಹೊಲಿಗೆಯಲ್ಲಿ ಎರಡು ಇಂಚು, ಕೆಳಗೆ ಬಾಟಂ ಮಡಿಕೆಯಲ್ಲಿ ಒಂದೂವರೆ ಇಂಚು ಒಳಬಟ್ಟೆ ಬಿಡಲಿ. ಮದುವೆಯಾದ ಮೇಲೆ, ಕ್ಯಾಂಟೀನಿನ ಊಟ ಒಗ್ಗಿದ ಮೇಲೆ, ಅದೇ ಪ್ಯಾಂಟನ್ನು ಸಡಿಲ ಮಾಡಿಸಿಕೊಳ್ಳಬಹುದು. ರೆಡಿಮೇಡಿನಲ್ಲಿ ಈ ಉಳಿತಾಯ ಸಿಗುವುದು ಕಡಿಮೆ. ಹೊಲಿಸುವ ಪದ್ಧತಿ ನಮ್ಮ ಊರುಗಳಲ್ಲಿ ಇನ್ನೂ ಉಳಿದಿದೆ, ಕೈಗೆಟುಕುವ ಕೂಲಿಗೆ ಸಿಗುತ್ತದೆ. ಎಷ್ಟೋ ದೇಶಗಳಲ್ಲಿ ಅದು ಸಿರಿವಂತರಿಗೆ ಮಾತ್ರ ಎಂಬಂತಾಗಿದೆ. ಅದನ್ನು ಬಿಟ್ಟು ಮಾಲ್‌ನ ಹ್ಯಾಂಗರಿನಲ್ಲಿ ತೂಗುವುದಕ್ಕೆ ಮೈಯನ್ನು ಹೊಂದಿಸಿಕೊಳ್ಳುವುದು ನನಗೆ ಬೇಸರ ತರುವ ಸಂಗತಿ.

ಯಾವ ಬಟ್ಟೆ

ಬಟ್ಟೆ ಅಂಗಡಿಯಲ್ಲಿ ಪ್ಯಾಂಟ್ ಪೀಸ್ ಎಂದರೆ ಮೊದಲು ಬಿಚ್ಚಿ ತೋರಿಸುವುದು ಟಿ.ಆರ್., ಅಂದರೆ ಪಾಲಿಯೆಸ್ಟರ್ ಮತ್ತು ವಿಸ್ಕೋಸ್ ಬೆರೆತದ್ದು. ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ಬೆಲೆಯೂ ಕಡಿಮೆ. ಆದರೆ ಪಾಲಿಯೆಸ್ಟರ್ ನೂಲು ತನ್ನ ತೂಕದ ಶೇಕಡಾ ಅರ್ಧದಷ್ಟೂ ತೇವ ಹೀರುವುದಿಲ್ಲ. ಅದೇ ಹವೆಯಲ್ಲಿ ಹತ್ತಿ ಶೇಕಡಾ 7–8ರಷ್ಟು, ಉಣ್ಣೆ ಶೇಕಡಾ 16ರ ಆಸುಪಾಸು ಹೀರುತ್ತದೆ. ಬೆವರು ಬಟ್ಟೆಗೆ ಹೋಗದೆ ಮೈಮೇಲೆಯೇ ಉಳಿದು ಅಂಟುವುದು ಈ ಕಾರಣಕ್ಕೆ. ಪಾಲಿಯೆಸ್ಟರ್ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿರುವ ಬಟ್ಟೆ ಬೇಡ ಎಂದು ನಾನು ನಿಯಮ ಇಟ್ಟುಕೊಂಡಿದ್ದೇನೆ. ಥಾನಿನ ಅಂಚಿನಲ್ಲೋ ಲೇಬಲಿನಲ್ಲೋ ಬೆರಕೆಯ ಪ್ರಮಾಣ ಬರೆದಿರುತ್ತದೆ, ಕೇಳಿ ಓದಿಕೊಳ್ಳಿ.

ಉಣ್ಣೆ ಎಂದ ಕೂಡಲೇ ಸ್ವೆಟರು ನೆನಪಾಗಿ ಸೆಕೆ ಎನಿಸುತ್ತದೆ. ತೆಳುವಾಗಿ ನೆಯ್ದ ಉಣ್ಣೆಬಟ್ಟೆ ಬೇರೆಯೇ. ಚದರ ಮೀಟರಿಗೆ 220ರಿಂದ 260 ಗ್ರಾಂ ತೂಗುವ ಸಾದಾ ನೇಯ್ಗೆಯ ಉಣ್ಣೆ ಗಾಳಿಯಾಡುತ್ತದೆ, ರಾತ್ರಿ ತೂಗುಹಾಕಿದರೆ ಬೆಳಗಾಗುವಷ್ಟರಲ್ಲಿ ಸುಕ್ಕು ತಾನಾಗಿ ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ವರ್ಷದ ಬಹುಪಾಲು ಇದು ಹೇಳಿ ಮಾಡಿಸಿದ ಬಟ್ಟೆ. ಅಂಗಡಿಯವರು ಸೂಪರ್ 100, ಸೂಪರ್ 120 ಎನ್ನುತ್ತಾರೆ. ಅದು ನೂಲಿನ ಎಳೆ ಎಷ್ಟು ಸಣ್ಣದು ಎಂಬ ಲೆಕ್ಕ. ಸೂಪರ್ 100ರ ಎಳೆ 18.75 ಮೈಕ್ರಾನಿಗಿಂತ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪವಿರುವಂತಿಲ್ಲ, ಸೂಪರ್ 150 ಆದರೆ 16.25. ನಂಬರು ಏರಿದಂತೆ ಬಟ್ಟೆ ನುಣುಪಾಗುತ್ತದೆ, ಬೆಲೆ ಏರುತ್ತದೆ, ಸವೆತವೂ ಬೇಗ. ದಿನವೂ ಬಸ್ಸು, ಬೈಕಿನಲ್ಲಿ ಓಡಾಡುವವರು 100, 110ರ ಮೇಲೆ ಹೋಗಬೇಕಾಗಿಲ್ಲ.

ಮಂಗಳೂರಿನ ಬೆವರಿಗೆ, ಕಲಬುರಗಿ, ರಾಯಚೂರಿನ ಬಿಸಿಲಿಗೆ ಹತ್ತಿಯೇ ಸರಿ. ಸ್ವಲ್ಪ ಗಟ್ಟಿ ನೇಯ್ಗೆಯ ಹತ್ತಿ, ಅಥವಾ ಹತ್ತಿ–ಲಿನನ್ ಬೆರೆತದ್ದು. ಸುಕ್ಕಾಗುತ್ತದೆ. ಆಗಲಿ, ಅಲ್ಲಿ ಅದು ಸಹಜವಾಗಿಯೇ ಕಾಣುತ್ತದೆ.

ಬಟ್ಟೆಯ ಪನ್ನ, ಅಂದರೆ ಅಗಲ, 58 ಇಂಚು ಇದ್ದರೆ ಪ್ಯಾಂಟಿಗೆ 1.20ರಿಂದ 1.30 ಮೀಟರ್, ತುಂಬುತೋಳಿನ ಅಂಗಿಗೆ 1.60 ಮೀಟರ್ ಸಾಕು. ಆರಡಿ ಮೇಲಿನವರು ಸ್ವಲ್ಪ ಹೆಚ್ಚು ತೆಗೆದುಕೊಳ್ಳಬೇಕು. 36 ಇಂಚಿನ ಪನ್ನವಾದರೆ ಅಂಗಿಗೆ ಎರಡೂಕಾಲರಿಂದ ಎರಡೂವರೆ ಮೀಟರ್ ಬೇಕಾಗುತ್ತದೆ. ಹತ್ತಿ ಬಟ್ಟೆಯನ್ನು ಹೊಲಿಯಲು ಕೊಡುವ ಮುಂಚೆ ರಾತ್ರಿಯಿಡೀ ನೀರಿನಲ್ಲಿ ನೆನೆಸಿ ನೆರಳಲ್ಲಿ ಒಣಗಿಸಿ. ಶೇಕಡಾ 3ರಷ್ಟು ಕುಗ್ಗಿದರೂ 40 ಸೆಂಟಿಮೀಟರಿನ ಕಾಲರು ಒಂದು ಸೆಂಟಿಮೀಟರಿಗೂ ಹೆಚ್ಚು ಚಿಕ್ಕದಾಗುತ್ತದೆ, ಮೇಲಿನ ಗುಂಡಿ ಹಾಕಲು ಬರುವುದಿಲ್ಲ.

ಬಣ್ಣದ ಮಟ್ಟಿಗೆ ನನ್ನ ಮೊದಲ ಪ್ಯಾಂಟು ಯಾವತ್ತೂ ಮಧ್ಯಮ ಬೂದಿ. ಬಿಳಿ, ತಿಳಿನೀಲಿ, ಗುಲಾಬಿ, ಗೀರು, ಚೌಕಳಿ, ಯಾವ ಅಂಗಿಯನ್ನೂ ಅದು ಬೇಡವೆನ್ನುವುದಿಲ್ಲ. ಎರಡನೆಯದು ಕಡುನೀಲಿ. ಮೂರನೆಯದು ಬೇಕಾದರೆ ಮಣ್ಣುಬಣ್ಣದ ಹತ್ತಿ. ಕಪ್ಪು ಪ್ಯಾಂಟು ಎಲ್ಲಕ್ಕೂ ಹೊಂದುತ್ತದೆ ಎಂದು ಮನೆಯವರು ಹೇಳಬಹುದು. ಧೂಳು, ನೂಲಿನ ತುಣುಕು ಎದ್ದು ಕಾಣುವುದೂ, ಒಗೆದಂತೆಲ್ಲ ಬಣ್ಣಗೆಡುವುದೂ ಅದರಲ್ಲೇ ಹೆಚ್ಚು.

ಅಂಗಿ

ಎರಡು ಬಿಳಿ, ಎರಡು ತಿಳಿನೀಲಿ, ಒಂದು ಬಿಳಿಯ ಮೇಲೆ ಸಣ್ಣ ನೀಲಿ ಗೀರು. ಐದೂ ಮೇಲಿನ ಪ್ಯಾಂಟುಗಳಿಗೆಲ್ಲ ಒಪ್ಪುತ್ತವೆ. ಬೆಳಗಿನ ಜಾವ ಕರೆಂಟಿಲ್ಲದಾಗ ಕೈಗೆ ಸಿಕ್ಕಿದ್ದು ಹಾಕಿಕೊಂಡು ಹೊರಟರೂ ತಪ್ಪಾಗುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಮೈಬಣ್ಣ ಕಪ್ಪಿರುವವರಿಗೆ ಬಿಳಿ ಅಂಗಿ ಬೇಡ, ಇನ್ನೂ ಕಪ್ಪಾಗಿ ಕಾಣುತ್ತೀರಿ ಎಂದು ಅಂಗಡಿಯಲ್ಲಿ, ಮನೆಯಲ್ಲಿ ಹೇಳುವುದನ್ನು ಚಿಕ್ಕಂದಿನಿಂದ ಕೇಳಿದ್ದೇನೆ, ನನಗೂ ಹೇಳಿದ್ದಾರೆ. ಮಂಕಾದ ಬೂದು, ಕಂದು ಅಂಗಿಗಳನ್ನು ಎಷ್ಟೋ ವರ್ಷ ಹಾಗೆ ತೊಟ್ಟೆ. ಕಪ್ಪು ಮೈಗೆ ಶುಭ್ರ ಬಿಳಿಯಷ್ಟು ಚೆಂದ ಯಾವುದೂ ಒಪ್ಪುವುದಿಲ್ಲ. ಹೊಲದಿಂದ ಬಂದು ಮಿಂದು ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟು ಜಾತ್ರೆಗೆ ಹೊರಟ ಅಜ್ಜನನ್ನು ನೆನಪಿಸಿಕೊಳ್ಳಿ.

ಬಟ್ಟೆಗೆ ಪಾಪ್ಲಿನ್ ತೆಳ್ಳಗೆ, ನುಣುಪಾಗಿ ಇರುತ್ತದೆ. ಆಕ್ಸ್‌ಫರ್ಡ್ ಸ್ವಲ್ಪ ದಪ್ಪ, ಒರಟು, ಇಸ್ತ್ರಿ ಇಲ್ಲದಿದ್ದರೂ ಸಹಿಸುತ್ತದೆ. ಟೈ ಕಟ್ಟುವ ಆಫೀಸಾದರೆ ಪಾಪ್ಲಿನ್, ಇಲ್ಲವಾದರೆ ಎರಡೂ ಬೆರೆಸಿ.

ಅಳತೆಯಲ್ಲಿ ಮೊದಲು ಭುಜ. ತೋಳಿನ ಹೊಲಿಗೆ ಭುಜದ ಮೂಳೆಯ ತುದಿಯಲ್ಲೇ ಬರಬೇಕು. ಅದು ತೋಳಿನ ಮೇಲೆ ಇಳಿದಿದ್ದರೆ ಅಣ್ಣನ ಅಂಗಿ ತಮ್ಮ ತೊಟ್ಟಂತೆ. ಮೇಲಿನ ಗುಂಡಿ ಹಾಕಿದಾಗ ಕಾಲರಿನೊಳಗೆ ಎರಡು ಬೆರಳು ಸಲೀಸಾಗಿ ಹೋಗಬೇಕು. ತೋಳು ಹೆಬ್ಬೆರಳಿನ ಬುಡದವರೆಗೆ ಬರಲಿ. ಗಡಿಯಾರ ಕಟ್ಟುವ ಕೈಯ ಪಟ್ಟಿಯನ್ನು ಒಂದು ಸೆಂಟಿಮೀಟರ್ ಸಡಿಲ ಇಡಲು ಹೇಳಿ, ಒಳ್ಳೆಯ ಕಟಿಂಗ್ ಮಾಸ್ಟರ್ ಆದರೆ ಕೇಳದೆಯೇ ನಿಮ್ಮ ಕೈ ನೋಡಿ ಬರೆದುಕೊಳ್ಳುತ್ತಾರೆ. ಎರಡೂ ಕೈ ಮೇಲೆತ್ತಿ: ಅಂಗಿಯ ಅಂಚು ಪ್ಯಾಂಟಿನಿಂದ ಪೂರ್ತಿ ಹೊರಬಂದರೆ ಉದ್ದ ಸಾಲದು, ಇಲ್ಲವೇ ಕಂಕುಳ ತೀರಾ ಕೆಳಗೆ ಕತ್ತರಿಸಿದ್ದಾರೆ.

ಕಾಲರು ಗಟ್ಟಿಯಾಗಿ ನಿಲ್ಲಲೆಂದು ಒಳಗಿಡುವ ಬಿರುಸು ಬಟ್ಟೆಯಾದ ಬಕ್ರಂ ಬಗ್ಗೆ ಯಾರೂ ಕೇಳುವುದಿಲ್ಲ. ಅಗ್ಗದ ಬಕ್ರಂ ನಾಲ್ಕು ಸಲ ಒಗೆದ ಮೇಲೆ ಅಂಟು ಬಿಟ್ಟು ಕಾಲರಿನ ಮೇಲೆ ಗುಳ್ಳೆ ಏಳುತ್ತದೆ. ಒಳ್ಳೆಯ ಬಕ್ರಂ ಹಾಕಿ ಎಂದು ಹೇಳಿ, ಬೇಕಿದ್ದರೆ ಅದಕ್ಕೆ ಇಪ್ಪತ್ತು ರೂಪಾಯಿ ಹೆಚ್ಚು ಕೊಡಿ. ಬಿಳಿ ಅಂಗಿಯೊಳಗೆ ಬಿಳಿ ಬನಿಯನ್ ಎದ್ದು ಕಾಣುತ್ತದೆ. ಮೈಬಣ್ಣಕ್ಕೆ ಹತ್ತಿರದ ಕಂದು ಅಥವಾ ಬೂದು ಬಣ್ಣದ್ದು ಕಾಣುವುದಿಲ್ಲ.

ಕಾಲಿಗೆ

ಲೇಸಿನ ಶೂಗಳಲ್ಲಿ ಮುಖ್ಯವಾಗಿ ಎರಡು ಬಗೆ. ಲೇಸು ಹಾಕುವ ಎರಡು ರೆಕ್ಕೆಗಳು ಬುಡದಲ್ಲಿ ಸೇರಿ ಹೊಲಿದಿದ್ದರೆ ಆಕ್ಸ್‌ಫರ್ಡ್, ಮೇಲೆ ಬಿಡಿಯಾಗಿ ತೆರೆದುಕೊಂಡರೆ ಡರ್ಬಿ. ಚಪ್ಪಲಿಯಲ್ಲೇ ಬೆಳೆದ ನಮ್ಮ ಪಾದಗಳು ಮುಂದೆ ಅಗಲ. ಡರ್ಬಿಯನ್ನು ಬೇಕಾದಷ್ಟು ಸಡಿಲಿಸಿಕೊಳ್ಳಬಹುದು, ಹಾಗಾಗಿ ಮೊದಲ ಜೋಡಿಗೆ ಅದನ್ನೇ ಹೇಳುತ್ತೇನೆ. ಬಣ್ಣ ಕಡುಕಂದು. ಬೂದಿ, ನೀಲಿ, ಮಣ್ಣುಬಣ್ಣ ಮೂರಕ್ಕೂ ಹೊಂದುತ್ತದೆ. ಕಪ್ಪು ಎರಡನೇ ಜೋಡಿ.

ಕೊಳ್ಳಲು ಸಂಜೆ ಹೋಗಿ, ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿರುತ್ತದೆ. ಆಫೀಸಿನ ಕಾಲುಚೀಲ ಹಾಕಿಕೊಂಡೇ ನೋಡಿ. ತುದಿ ಚೂಪಾಗಿ ಮೇಲೆದ್ದ ಶೂ ಬೇಡ. ಅಟ್ಟೆಯನ್ನು ಮೇಲ್ಭಾಗಕ್ಕೆ ಬರೀ ಅಂಟಿಸಿದ್ದರೆ ಸವೆದ ಮೇಲೆ ಬದಲಿಸುವುದು ಕಷ್ಟ, ನಡುವೆ ಸುತ್ತಲೂ ವೆಲ್ಟ್ ಎಂಬ ತೆಳು ಪಟ್ಟಿ ಇಟ್ಟು ಹೊಲಿದಿದ್ದರೆ ಹೊಸ ಅಟ್ಟೆ ಹಾಕಿಸಿ ಮತ್ತೆ ವರ್ಷಗಟ್ಟಲೆ ಓಡಿಸಬಹುದು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ನೋಡುವ ಊರಿನಲ್ಲಿ ಚರ್ಮದ ಅಟ್ಟೆಗಿಂತ ರಬ್ಬರ್ ಅಟ್ಟೆ ಮೇಲು. ನೆಂದ ಶೂವನ್ನು ಬಿಸಿಲಿಗೆ, ಹೀಟರಿನ ಮುಂದೆ ಇಡಬೇಡಿ, ಚರ್ಮ ಸೀಳುತ್ತದೆ. ಒಳಗೆ ದಿನಪತ್ರಿಕೆ ತುಂಬಿ, ಎರಡು ಗಂಟೆಗೊಮ್ಮೆ ಬದಲಿಸಿ, ನೆರಳಿನಲ್ಲೇ ಒಣಗಲಿ. ಒಂದು ದಿನ ಹಾಕಿದ ಶೂಗೆ ಮರುದಿನ ರಜೆ ಕೊಡಿ.

ಕಾಲುಚೀಲ ಪ್ಯಾಂಟಿನ ಬಣ್ಣದ್ದು, ಮೀನಖಂಡದವರೆಗೆ ಬರುವಂಥದ್ದು. ಬೆಲ್ಟು ಶೂ ಬಣ್ಣಕ್ಕೆ ಹತ್ತಿರ, ಮೂರು ಮೂರೂವರೆ ಸೆಂಟಿಮೀಟರ್ ಅಗಲ, ಬಕಲ್ ಮೇಲೆ ಅಕ್ಷರ ಇಲ್ಲದ್ದು. ಇವುಗಳ ಬಗ್ಗೆ ಇಷ್ಟು ಸಾಕು.

ಕೋಟು ಬೇಕೇ?

ಬಹಳ ಆಫೀಸುಗಳಲ್ಲಿ ದಿನವೂ ಬೇಕಾಗುವುದಿಲ್ಲ. ಗ್ರಾಹಕರ ಮುಂದೆ ನಿಲ್ಲುವ ದಿನಕ್ಕೆ, ಎ.ಸಿ.ಯ ಚಳಿಗೆ ಒಂದಿದ್ದರೆ ಸಾಕು. ಕಡುನೀಲಿ, ಎರಡು ಗುಂಡಿಯದು, ಒಳಗೆ ಅರ್ಧ ಮಾತ್ರ ಅಸ್ತರಿ ಇರುವ ತೆಳು ಉಣ್ಣೆಯದು. ಅದೇ ಬಟ್ಟೆಯ ಪ್ಯಾಂಟು ಜೊತೆಗೆ ಬೇಕಿಲ್ಲ, ನಿಮ್ಮ ಬೂದಿ ಪ್ಯಾಂಟು ಅದಕ್ಕೆ ಕಾಯುತ್ತಿದೆ.

ಕೋಟಿನಲ್ಲಿ ಆಮೇಲೆ ತಿದ್ದಲಾಗದ್ದು ಭುಜ. ಗೋಡೆಯ ಪಕ್ಕ ನಿಂತು ನಿಧಾನವಾಗಿ ಒರಗಿ. ನಿಮ್ಮ ತೋಳಿಗಿಂತ ಮೊದಲು ಕೋಟಿನ ಭುಜ ಗೋಡೆ ಮುಟ್ಟಿ ಮಡಚಿಕೊಂಡರೆ ಅದು ಅಗಲ ಹೆಚ್ಚು, ಅಲ್ಲೇ ಬಿಟ್ಟುಬನ್ನಿ. ತೋಳಿನ ಉದ್ದ, ಸೊಂಟದ ಸಡಿಲು ಎರಡನ್ನೂ ಯಾವ ಟೈಲರ್ ಬೇಕಾದರೂ ಸರಿಮಾಡುತ್ತಾರೆ. ಕೋಟಿನ ತೋಳಿನಿಂದ ಅಂಗಿಯ ಪಟ್ಟಿ ಅರ್ಧ ಇಂಚು ಹೊರಗೆ ಕಾಣಬೇಕು, ಹಿಂದೆ ಸೀಟು ಮುಚ್ಚಬೇಕು. ಕೆಳಗಿನ ಗುಂಡಿ ಹಾಕುವ ವಾಡಿಕೆ ಇಲ್ಲ. ಇಂಗ್ಲೆಂಡಿನ ದೊರೆ ಏಳನೇ ಎಡ್ವರ್ಡ್‌ನಿಂದ ಇದು ಶುರುವಾಯಿತೆಂಬ ಕಥೆಯಿದೆ. ಈಗಿನ ಕೋಟುಗಳನ್ನು ಆ ಗುಂಡಿ ತೆರೆದಿರುತ್ತದೆ ಎಂದುಕೊಂಡೇ ಕತ್ತರಿಸುತ್ತಾರೆ, ಹಾಕಿದರೆ ಸೊಂಟದ ಹತ್ತಿರ ಎಳೆಯುತ್ತದೆ.

ನಮ್ಮಲ್ಲಿ ಕೋಟಿಗೆ ನೋಡಿ ಕಲಿಯಬೇಕಾದ ಒಬ್ಬರಿದ್ದರೆ ಅದು ಸರ್ ಎಂ. ವಿಶ್ವೇಶ್ವರಯ್ಯನವರು. ಅವರ ಫೋಟೋಗಳನ್ನು ಗಮನವಿಟ್ಟು ನೋಡಿ: ಕೋಟು, ಟೈ, ಅದರ ಮೇಲೆ ಮೈಸೂರು ಪೇಟ. ಇಂಗ್ಲಿಷರ ಉಡುಪು, ನಮ್ಮ ಪೇಟ, ಎರಡೂ ಒಬ್ಬರ ಮೈಮೇಲೆ ಜಗಳವಿಲ್ಲದೆ ಕೂತಿವೆ. ಕಾಲರು ಕುತ್ತಿಗೆಗೆ ಹೊಂದಿಕೊಂಡು ನಿಂತಿರುವುದನ್ನು ಗಮನಿಸಿ.

ಬೈಕಿನಲ್ಲಿ ಹೋಗುವವರು ಕೋಟು ತೊಟ್ಟು ಬೆನ್ನಿಗೆ ಬ್ಯಾಗು ಹಾಕಬೇಡಿ, ಪಟ್ಟಿ ಉಜ್ಜಿ ಭುಜದ ಬಟ್ಟೆ ಸವೆಯುತ್ತದೆ. ಒಳಹೊರಗು ಮಾಡಿ ಉದ್ದಕ್ಕೆ ಮಡಚಿ ಬ್ಯಾಗಿನಲ್ಲಿಟ್ಟುಕೊಂಡು ಆಫೀಸಿನಲ್ಲಿ ತೊಟ್ಟುಕೊಳ್ಳಿ.

ಹೊಲಿಸುವ ಸಾಲು, ಮೊದಲ ವಾರ

ಎಲ್ಲ ಬಟ್ಟೆಯನ್ನು ಒಂದೇ ಸಲ ಹೊಲಿಯಲು ಕೊಡಬೇಡಿ. ಕೆಲಸಕ್ಕೆ ಸೇರಲು ಆರು ವಾರ ಇರುವಾಗಲೇ ಒಂದು ಪ್ಯಾಂಟು, ಒಂದು ಅಂಗಿ ಮಾತ್ರ ಕೊಡಿ. ದೀಪಾವಳಿಯ ಮುಂಚೆ, ಮದುವೆ ತಿಂಗಳಲ್ಲಿ ಟೈಲರುಗಳಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಆಗ ಇನ್ನೂ ಎರಡು ವಾರ ಸೇರಿಸಿಕೊಳ್ಳಿ. ನನ್ನ ಮೊದಲ ಕೋಟನ್ನು ನಗರದ ಒಂದು ದೊಡ್ಡ ಅಂಗಡಿ ಟ್ರಯಲ್ ಇಲ್ಲದೆ ನೇರ ಡಬ್ಬಿಯಲ್ಲಿ ಹಾಕಿ ಕೊಟ್ಟಿತ್ತು, ಭುಜ ಎರಡು ಕಡೆಯೂ ಹೊರಗಿತ್ತು, ಅದನ್ನು ಒಂದು ದಿನವೂ ತೊಡಲಾಗಲಿಲ್ಲ. ಕಚ್ಚಾ ಹೊಲಿಗೆಯ ಟ್ರಯಲ್ ಕೊಡುತ್ತೀರಾ ಎಂದು ಮುಂಗಡ ಕೊಡುವ ಮುಂಚೆಯೇ ಕೇಳಿ.

ಬಂದ ಜೋಡಿಯನ್ನು ಒಗೆದು ಇಸ್ತ್ರಿಗೆ ಕೊಡಿ. ಇದ್ದಿಲ ಪೆಟ್ಟಿಗೆಯಲ್ಲಿ ಇಸ್ತ್ರಿ ಮಾಡುವವರಿಗೆ ಉಣ್ಣೆ ಪ್ಯಾಂಟು ಕೊಡುವಾಗ ಮೇಲೆ ಒದ್ದೆ ಹತ್ತಿಬಟ್ಟೆ ಹಾಸಿ ಉಜ್ಜಲು ಹೇಳಿ, ಇಲ್ಲದಿದ್ದರೆ ಮಂಡಿಯ ಹತ್ತಿರ ಹೊಳಪು ಬಂದು ಹೋಗುವುದೇ ಇಲ್ಲ. ಆಮೇಲೆ ಒಂದು ರಜಾದಿನ ಬೆಳಗ್ಗೆಯಿಂದ ಸಂಜೆವರೆಗೆ ಅದನ್ನೇ ತೊಟ್ಟಿರಿ. ಊಟ ಮಾಡಿ, ಮೆಟ್ಟಿಲು ಹತ್ತಿ, ಬಸ್ಸಿನ ಕಂಬಿ ಹಿಡಿಯುವಂತೆ ಕೈ ಎತ್ತಿ, ಫೋನು, ಪರ್ಸು ಜೇಬಿನಲ್ಲಿಟ್ಟುಕೊಂಡು ಕೂತು ನೋಡಿ. ಎಲ್ಲಿ ಎಳೆಯಿತು, ಎಲ್ಲಿ ಜಾರಿತು ಎಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಸೋಮವಾರ ಆ ಚೀಟಿ, ಆ ಬಟ್ಟೆ, ಉಳಿದ ಪೀಸುಗಳು ಮೂರನ್ನೂ ಒಟ್ಟಿಗೆ ಟೈಲರ್ ಕೈಗೆ ಕೊಡಿ.